ಮನೆ ಉತಾರದಲ್ಲೊಂದು ಜೋಕಾಲಿ

ನಾನು ಕೂರುತ್ತಿದ್ದ ಖುರ್ಚಿಯಲ್ಲಿ ಈಗ ಪೂಜಾ ಕೂತಿದ್ದಾಳೆ. ನೌಕರಿ ಹೊಸದು, ವಯಸ್ಸು ಎಳೆಯದು, ಪ್ರಶ್ನೆಗಳು ಮಾತ್ರ ವಕೀಲರವು. ಪಂಚಮಿಗೆ ಇನ್ನೂ ಹದಿನೈದು ದಿನ ಇರುವಾಗ ಫೋನ್ ಮಾಡಿದಳು.

“ಮ್ಯಾಡಮ್, ಹಳೇ ರಜಿಸ್ಟರ್ ಎಲ್ಲಾ ಕಂಪ್ಯೂಟರಿಗೆ ಏರಸಾಕತ್ತೀನ್ರಿ. ರಸೂಲಬಿ ಅನ್ನಾರ ಮನಿ ಉತಾರದಾಗ ನಿಮ್ಮ ಅಕ್ಷರದಾಗ ಒಂದು ಷರಾ ಐತಿ. ಓದಿದ್ರ ನಗು ಬರ್ತೈತಿ. ಕಂಪ್ಯೂಟರಿನಾಗ ಅಂಥಾದಕ್ಕ ಜಾಗಾನ ಇಲ್ಲ. ತಗದ ಬಿಡ್ಲ್ಯಾ?”

“ಏ ತಂಗಿ, ಕೈ ಹಚ್ಚೀಯಂದ್ರ ನೋಡು!” ಎಂದೆ.

“ಯಾಕ್ರಿ?”

“ಅದು ಫೋನಿನಾಗ ಹೇಳೂವಂಥಾದ್ದಲ್ಲ. ಬರದ ಕಳಸ್ತೀನಿ, ಓದು.”

ಹಾಗೆ ಬರೆಯಲು ಕೂತದ್ದು ಇದು. ಪೂಜಾಗಾಗಿ ಬರೆದದ್ದನ್ನು ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಬಂದ ಮಿಕ್ಕವರೂ ಓದಿದರೆ ನನಗೇನೂ ನಷ್ಟವಿಲ್ಲ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಆ ಶಾಲುಗಳನ್ನು ನನ್ನ ಸೊಸೆ ಟಿವಿಗೆ ಹೊದಿಸಿದ್ದಾಳೆ.

ನಾನು ಸೊರಡಿಯವಳು. ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನಲ್ಲೇ ಊರಿಂದೂರಿಗೆ ವರ್ಗವಾಗುತ್ತ ಗ್ರಾಮಸೇವಕಿಯಾಗಿ ದುಡಿದೆ. ಗ್ರಾಮಪಂಚಾಯತಿಯ ದಫ್ತರವೆಲ್ಲ ನಮ್ಮ ಕೈಯಲ್ಲಿರುತ್ತದೆ. ಹುಟ್ಟು, ಸಾವು, ನೀರು, ಬೀದಿದೀಪ, ಎಲ್ಲಕ್ಕಿಂತ ಮುಖ್ಯವಾಗಿ ಮನೆಯ ಉತಾರ. ಊರೊಳಗಿನ ಮನೆ ಯಾರದು ಎಂದು ಹೇಳುವ ಹಾಳೆ ಅದು. ಮನೆ ಮಾರುವವನಿಗೂ ಅದು ಬೇಕು, ಕೊಳ್ಳುವವನಿಗೂ ಬೇಕು. ಇಬ್ಬರಿಗೂ ನಿನ್ನೆಯೇ ಬೇಕು!

ನಮ್ಮ ಕಡೆ ಗ್ರಾಮಸೇವಕರನ್ನು ಭಾವುಸಾಹೇಬ ಎಂದು ಕರೆಯುವುದು ರೂಢಿ. ಭಾವು ಎಂದರೆ ಮರಾಠಿಯಲ್ಲಿ ಅಣ್ಣ. ನಾನು ಮೊದಲ ಸಲ ಸೀರೆಯುಟ್ಟು ಹೋಗಿ ಆ ಖುರ್ಚಿಯಲ್ಲಿ ಕೂತಾಗ ಊರಿನವರಿಗೆ ದೊಡ್ಡ ಫಜೀತಿಯಾಯಿತು. ಒಬ್ಬ ಬಾಯಿಸಾಹೇಬ ಅಂದ, ಇನ್ನೊಬ್ಬ ಅಕ್ಕಾರ ಅಂದ, ಮತ್ತೊಬ್ಬ ಕೆಮ್ಮಿ ಸುಮ್ಮನಾದ. ಕೊನೆಗೆ ಒಬ್ಬ ಮುದುಕ ಬಾಗಿಲಲ್ಲಿ ನಿಂತು, “ಖುರ್ಚಿ ಭಾವುಸಾಹೇಬಂದು. ಕುಂತಾವ್ರು ಯಾರಾದ್ರೇನು? ನಮಸ್ಕಾರ್ರಿ ಭಾವುಸಾಹೇಬ್ರ!” ಎಂದ. ನಿವೃತ್ತಿಯಾಗುವವರೆಗೂ ಹಾಗೆಯೇ ಕರೆಸಿಕೊಂಡೆ. ನನ್ನ ಯಜಮಾನರು ಈಗಲೂ ಸಿಟ್ಟು ಬಂದರೆ ಹಾಗೆಯೇ ಕರೆಯುತ್ತಾರೆ.

ಮೊದಲ ಎಡವಟ್ಟು ಆದದ್ದು ಡಫಳಾಪುರದ ಕಡೆಯ ಒಂದು ಊರಿನಲ್ಲಿ. ಮನೆಯ ಉತಾರದಲ್ಲಿ ಹೆಸರು ಬದಲಿಸುವ ಮುನ್ನ ನೋಟೀಸು ಹಚ್ಚಬೇಕು. ತಕರಾರು ಇದ್ದವರು ಅವಧಿಯೊಳಗೆ ಹೇಳಬೇಕು. ನಾನು ಪಂಚಾಯತಿ ಗೋಡೆಗೆ ಗೋಂದು ಹಚ್ಚಿ ಚೆಂದವಾಗಿ ಅಂಟಿಸಿದೆ. ಅವಧಿ ಮುಗಿಯಿತು, ಯಾರೂ ಬರಲಿಲ್ಲ. ಹೆಸರು ಏರಿಸಿದೆ. ಮರುದಿನ ಮನೆ ಮಾರಿದವನ ಸೋದರತ್ತೆ, ಅದರಲ್ಲಿ ತನ್ನ ಪಾಲೂ ಇದೆಯೆಂದು, ಕೈಯಲ್ಲಿ ಕಸಬರಿಗೆ ಹಿಡಿದೇ ಬಂದಳು.

“ನೋಟೀಸ್ ಹಚ್ಚಿದ್ನಲ್ಲವಾ,” ಎಂದೆ.

“ನಿಮ್ಮ ಗ್ವಾಡಿ ಯಾಂವ ಓದ್ತಾನ್ರಿ? ಅದಕ್ಕ ಮೈ ತಿಕ್ಕಾಕ ಎಮ್ಮಿ ಬರ್ತಾವು!”

ಹೋಗಿ ನೋಡಿದರೆ ನೋಟೀಸಿನ ಅರ್ಧ ಎಮ್ಮೆಯ ಮೈಗೆ ಹೋಗಿತ್ತು. ಆ ದಾಖಲೆಯನ್ನು ಹಿಂದಕ್ಕೆ ತಿರುಗಿಸಲು ನನಗೆ ಆರು ತಿಂಗಳು ಬೇಕಾಯಿತು. ಆಗ ನನ್ನ ಮೇಲಿದ್ದ ವಿಸ್ತಾರ ಅಧಿಕಾರಿ ಬೈಯಲಿಲ್ಲ. ಚಹಾ ತರಿಸಿ, “ಸರಕಾರದ ಗ್ವಾಡಿಗೆ ಹಚ್ಚೂದು ಕಾಯದೆ. ಮಂದಿ ಕಿವಿಗೆ ಹಚ್ಚೂದು ಕೆಲಸ. ಎರಡೂ ಮಾಡು,” ಎಂದರು. ಅಂದಿನಿಂದ ಗೋಡೆಗೆ ಅಂಟಿಸಿದ ನೋಟೀಸಿನ ಇನ್ನೊಂದು ಪ್ರತಿಯನ್ನು ಹಿಟ್ಟಿನ ಗಿರಣಿಗೆ ಒಯ್ಯುತ್ತಿದ್ದೆ. ಗಿರಣಿ ನಿಂತ ಹೊತ್ತಿನಲ್ಲಿ ಕನ್ನಡದಲ್ಲಿ ಜೋರಾಗಿ ಓದುತ್ತಿದ್ದೆ. ಜೋಳದ ಬುಟ್ಟಿ ಹೊತ್ತು ಬಂದ ಹೆಂಗಸರು ಹಿಟ್ಟಿನ ಜೊತೆ ಸುದ್ದಿಯನ್ನೂ ಮನೆಗೆ ಒಯ್ಯುತ್ತಿದ್ದರು. ತಕರಾರು ಇದ್ದರೆ ರೊಟ್ಟಿ ಬೇಯುವುದರೊಳಗೆ ನನ್ನ ಟೇಬಲ್ಲಿಗೆ ಬರುತ್ತಿತ್ತು.

ಇನ್ನೊಂದು ಉಪಾಯ ನಾನೇ ಕಂಡುಕೊಂಡದ್ದು. ಮನೆ ಮಾರಾಟ ನಿಲ್ಲುವುದು ಬಹುತೇಕ ಒಂದೇ ಜಾಗದಲ್ಲಿ. ಅಪ್ಪ ತೀರಿಕೊಂಡಿರುತ್ತಾನೆ, ಉತಾರ ಅವನ ಹೆಸರಲ್ಲೇ ಇರುತ್ತದೆ, ಹೆಣ್ಣುಮಕ್ಕಳು ದಿಕ್ಕಿಗೊಬ್ಬರು. ಒಬ್ಬಳ ಗಂಡನ ಮನೆ ವಿಜಯಪುರದ ಕಡೆ, ಒಬ್ಬಳದು ಸೊಲ್ಲಾಪುರದ ಕಡೆ, ಇನ್ನೊಬ್ಬಳದು ಮಿರಜ. ಒಬ್ಬಳು ಬಂದ ದಿನ ಇನ್ನೊಬ್ಬಳು ಇಲ್ಲ. ‘ಸರಕಾರಿ ಕಾಮ, ಸಹಾ ಮಹಿನೆ ಥಾಂಬ’ ಎಂದು ನಮ್ಮ ತಾಲೂಕಿನಲ್ಲಿ ಮರಾಠಿ ಬಾರದವರೂ ಹೇಳುತ್ತಾರೆ. ಸರಕಾರದ ಕೆಲಸ, ಆರು ತಿಂಗಳು ಕಾಯಿ ಎಂದರ್ಥ. ಆದರೆ ಎಲ್ಲ ಹೆಣ್ಣುಮಕ್ಕಳೂ ಸರಕಾರ ಕರೆಯದೆಯೇ ಕೂಡುವ ದಿನ ಒಂದಿದೆಯಲ್ಲ? ನಾಗರ ಪಂಚಮಿ! ಅಣ್ಣ ಹೋಗಿ ಕರೆದು ತರುತ್ತಾನೆ, ಉಂಡಿ ಕಟ್ಟುತ್ತಾರೆ, ಜೋಕಾಲಿ ಆಡುತ್ತಾರೆ. ನಾನು ಊರಿನ ಎಲ್ಲ ವಾರಸಾ ಕಾಗದಗಳನ್ನು ಗಂಟು ಕಟ್ಟಿ ಪಂಚಮಿಗೆ ಇಟ್ಟುಕೊಳ್ಳುತ್ತಿದ್ದೆ. ವರ್ಷವಿಡೀ ಆಗದ ಸಹಿಗಳು ಮೂರು ದಿನದಲ್ಲಿ ಆಗುತ್ತಿದ್ದವು. ಮನೆಮನೆಗೆ ಹೋಗಿ ಉಂಡಿ ತಿಂದು ನನ್ನ ಹೊಟ್ಟೆ ಕೆಡುತ್ತಿತ್ತು, ಅದು ಬೇರೆ ಮಾತು.

ಈಗ ಪೂಜಾ ಕೇಳಿದ ಷರಾದ ಕಥೆಗೆ ಬರುತ್ತೇನೆ. ಅದು ನನ್ನ ಕೊನೆಯ ಊರಿನಲ್ಲಿ, ಕರಜಗಿಯ ಆಚೆ, ಆದದ್ದು.

ರಸೂಲಬಿ ಮತ್ತು ಅವಳ ಗಂಡ ದಸ್ತಗೀರ ಗಾದಿ ಹೊಲಿಯುವವರು. ಅವನು ಹತ್ತಿ ಹಿಂಜುತ್ತಾನೆ, ಮಾತಾಡುವುದಿಲ್ಲ. ಅವನ ಪಾಲಿನ ಮಾತನ್ನೂ ಅವಳೇ ಆಡುತ್ತಾಳೆ. ಮದುವೆಯಾಗಿ ಬಂದಂದಿನಿಂದ ಅವರು ಸಿದ್ರಾಮಪ್ಪ ಎಂಬವರ ಮಣ್ಣಿನ ಮನೆಯ ಅರ್ಧ ಭಾಗದಲ್ಲಿ ಬಾಡಿಗೆಗೆ ಇದ್ದರು. ಅಂಗಳದಲ್ಲಿ ದೊಡ್ಡ ಬೇವಿನ ಮರ. ಸಿದ್ರಾಮಪ್ಪ ತೀರಿಕೊಂಡ ಮೇಲೆ ಅವರ ಮಗ ಮಲ್ಲಪ್ಪ ಹೊಲದಲ್ಲೇ ಮನೆ ಕಟ್ಟಿಕೊಂಡ. ಊರ ಮನೆಯನ್ನು ರಸೂಲಬಿಗೇ ಕ್ರಯಕ್ಕೆ ಕೊಡುವುದೆಂದು ಬಾಯಿಮಾತು ಆಗಿತ್ತು. ಅಷ್ಟರಲ್ಲಿ ಸರಕಾರದ ಘರಕುಲ ಯಾದಿಯಲ್ಲಿ, ಅಂದರೆ ಮನೆ ಕಟ್ಟಿಕೊಳ್ಳಲು ನೆರವು ಕೊಡುವ ಪಟ್ಟಿಯಲ್ಲಿ, ಅವಳ ಹೆಸರು ಬಂತು.

ಓಡುತ್ತ ಬಂದಳು. “ಭಾವುಸಾಹೇಬ್ರ, ಹಿಂದಿನ ಗ್ವಾಡಿ ಹ್ವಾದ ಮಳಿಗೆ ಮಕಾಡೆ ಬಿತ್ತು. ಈಗ ಅಲ್ಲಾ ಕಣ್ಣ ತೆರದಾನ. ಲಗೂನ ಉತಾರ ನನ್ನ ಹೆಸರಿಗೆ ಮಾಡ್ರಿ, ಪಕ್ಕಾ ಮನಿ ಕಟ್ತೀನಿ.”

“ಮಾಡೂಣು ಕುಂದರವಾ. ಉಸುರು ಬಿಡು.”

ಉತಾರ ತೆಗೆದು ನೋಡಿದರೆ ಸಿದ್ರಾಮಪ್ಪನವರ ಹೆಸರೇ ಇತ್ತು. ಅವರ ಸಾವು ದಾಖಲಾಗಿರಲೇ ಇಲ್ಲ. ಊರೆಲ್ಲ ಭಜನೆ ಮಾಡುತ್ತ ಹೊತ್ತೊಯ್ದು ಮಣ್ಣು ಕೊಟ್ಟು ಬಂದವರು ನಿಜವಾಗಿಯೂ ಸತ್ತಿದ್ದಾರೆ ಎಂದು ರುಜುವಾತು ಮಾಡಲು ಮಲ್ಲಪ್ಪ ತಾಲೂಕಿಗೆ ಎಂಟು ಸಲ ತಿರುಗಿದ. ಆಮೇಲೆ ವಾರಸುದಾರರ ಹೆಸರು ಏರಿಸಲು ಪಂಚಾಯತಿಯ ಮಾಸಿಕ ಸಭೆ ಆಗಬೇಕು. ಒಂದು ತಿಂಗಳು ಸದಸ್ಯರೆಲ್ಲ ಮದುವೆಗೆ ಹೋಗಿದ್ದರು, ಮರು ತಿಂಗಳು ಅದೇ ಮದುವೆಯ ಬೀಗರ ಊಟಕ್ಕೆ ಹೋದರು. ರಸೂಲಬಿ ದಿನಾ ಬಂದು ನನ್ನ ಬಾಗಿಲಲ್ಲಿ ಕೂತು ದಿಂಬಿನ ಗವಸು ಹೊಲಿಯುತ್ತಿದ್ದಳು. ಕೂತು ಕೂತು ನನ್ನ ಖುರ್ಚಿಗೂ ಒಂದು ಗಾದಿ ಹೊಲಿದಳು. ಪೂಜಾ, ನೀನು ಈಗ ಕೂತಿರುವುದು ಅದರ ಮೇಲೆಯೇ.

ಕೊನೆಗೂ ಮಲ್ಲಪ್ಪ ಮತ್ತು ಅವನ ನಾಲ್ವರು ಅಕ್ಕತಂಗಿಯರ ಹೆಸರು ಏರಿತು. ಇನ್ನು ಐವರೂ ನೋಂದಣಿ ಕಚೇರಿಗೆ ಬಂದು ಖರೀದಿಪತ್ರಕ್ಕೆ ಸಹಿ ಹಾಕಿದರೆ ಆಯಿತು. ಆ ಸುದ್ದಿಯೂ ಗಿರಣಿಯಿಂದ ಹೊರಟು, ಬಸ್ಸು ಹತ್ತಿ, ವಿಜಯಪುರದ ಕಡೆ ಇದ್ದ ಹಿರಿಯಕ್ಕ ಗಂಗವ್ವನ ಮನೆ ಮುಟ್ಟಿತು. ಮೂರನೇ ದಿನಕ್ಕೆ ಗಂಗವ್ವ ನನ್ನೆದುರು ನಿಂತಿದ್ದಳು. ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಗಡಸು ದನಿ.

“ನಾ ಸಹಿ ಹಾಕಂಗಿಲ್ಲ,” ಎಂದಳು.

“ಯಾಕವಾ?”

“ಹಾಕಂಗಿಲ್ಲಂದ್ರ ಹಾಕಂಗಿಲ್ಲ.”

ಅಷ್ಟು ಹೇಳಿ ಬಂದ ಬಸ್ಸಿಗೇ ತಿರುಗಿ ಹೋದಳು. ಇಲ್ಲಿ ನಾನು ನನ್ನ ನೌಕರಿಯ ಎರಡನೇ ದೊಡ್ಡ ಎಡವಟ್ಟು ಮಾಡಿದೆ. ಇಷ್ಟು ವರ್ಷ ಇಂಥ ಕಾಗದ ನೋಡಿದ್ದ ನನಗೆ ಎಲ್ಲ ಗೊತ್ತೆಂಬ ಸೊಕ್ಕು. ಪಾಲು ಹೆಚ್ಚು ಬೇಕಾಗಿರಬೇಕು ಎಂದುಕೊಂಡು, “ಅಕ್ಕಗ ಒಂದೀಟು ಜಾಸ್ತಿ ಕೊಡು,” ಎಂದು ಮಲ್ಲಪ್ಪನಿಗೆ ಹೇಳಿದೆ. ಅವನು ಪಾಪ, ಹೋಗಿ ಹಾಗೆಯೇ ಕೇಳಿದ. ಗಂಗವ್ವ ಅವನನ್ನು ಹೊಸ್ತಿಲಿಂದಲೇ ತಿರುಗಿಸಿ ಕಳಿಸಿದಳು. “ನನ್ನ ಮಾರಾಕ ಇಟ್ಟೀನಂತ ತಿಳದೇನು?” ಎಂದು ಅಂದಳಂತೆ. ಅವಮಾನದಿಂದ ಫೋನು ಎತ್ತುವುದನ್ನೂ ಬಿಟ್ಟಳು. ಕೇಳಬೇಕಾದ ಮಾತನ್ನು ಕೇಳದೆ ಊಹಿಸಿದ್ದು ನನ್ನದೇ ತಪ್ಪು.

ಅತ್ತ ಘರಕುಲದ ಗಡುವು ಹತ್ತಿರ ಬಂತು. ಪಂಚಮಿಯ ವಾರದ ಶುಕ್ರವಾರದೊಳಗೆ ರಸೂಲಬಿಯ ಹೆಸರಿನ ಉತಾರ ತಾಲೂಕಿಗೆ ಮುಟ್ಟದಿದ್ದರೆ ಪಾಳಿ ಮುಂದಿನವರಿಗೆ. ಪಂಚಮಿ ಮಂಗಳವಾರ ಬಿದ್ದಿತ್ತು. ಹೆಸರು ಬದಲಿಸುವ ನೋಟೀಸನ್ನು ಮೊದಲೇ ಹಚ್ಚಿ ಅವಧಿ ಮುಗಿಸಿಕೊಂಡಿದ್ದ ನಾನು ಗುರುವಾರಕ್ಕೆ ಮಾಸಿಕ ಸಭೆ ಇಟ್ಟೆ. ಅಂದರೆ ಬುಧವಾರ ನಾಲ್ವರೂ ಅಕ್ಕತಂಗಿಯರನ್ನು ನೋಂದಣಿ ಕಚೇರಿಗೆ ಕರೆದೊಯ್ಯಲೇಬೇಕು. ಗುರುವಾರ ಬೆಳಿಗ್ಗೆ ಅವರು ತಂತಮ್ಮ ಊರಿಗೆ ಹೊರಡುವವರು.

ಮಂಗಳವಾರ ಮಧ್ಯಾಹ್ನ ಆ ಮನೆಗೆ ಹೋದೆ. ಅಕ್ಕತಂಗಿಯರು ಹೊಲದ ಮನೆಗೆ ಬಂದಿಳಿದು, ಹಾಲೆರೆದು, ಜೋಕಾಲಿ ಆಡಲು ಊರ ಮನೆಯ ಅಂಗಳಕ್ಕೇ ಬಂದಿದ್ದರು. ಬೇವಿನ ಮರಕ್ಕೆ ಹಗ್ಗ ಬಿಗಿದದ್ದು ದಸ್ತಗೀರ. ಪ್ರತಿವರ್ಷ ಅವನೇ ಬಿಗಿಯುವುದಂತೆ. ರಸೂಲಬಿ ಒಂದು ಬಟ್ಟಲು ಮೆಹಂದಿ ಕಲಸಿಕೊಂಡು, ಕೂತವರ ಬೆರಳಿಗೆಲ್ಲ ಟೊಪ್ಪಿಗೆ ಹಾಕಿದ ಹಾಗೆ ಮೆತ್ತುತ್ತಿದ್ದಳು. ನಡುವಿನ ಇಬ್ಬರು ತಂಗಿಯರು ಕೈ ಚಾಚಿ ಅಲುಗದೆ ಕೂತಿದ್ದರು. ನನ್ನ ಕೈಯನ್ನೂ ಎಳೆದುಕೊಂಡು ಹಚ್ಚಿದಳು. ಕೊನೆಯ ತಂಗಿ ಮಹಾದೇವಿಗೆ ಮಾತ್ರ ಎದುರಿಗಿದ್ದ ಶೇಂಗಾ ಉಂಡಿಯ ಮೇಲೆಯೇ ಕಣ್ಣು. ಮೆಹಂದಿ ಹಚ್ಚಿ ಎರಡು ನಿಮಿಷವಾಗಿಲ್ಲ, ಬಲಗೈ ಸೀರೆಗೆ ಒರೆಸಿ ಉಂಡಿ ಎತ್ತಿಕೊಂಡಳು.

“ಅಡೂತನಕ ತಡದಾಕಿಗೆ ಆರೂತನಕ ತಡ್ಯಾಕ ಆಗಲಿಲ್ಲ ನೋಡ!” ಎಂದು ಜೋಕಾಲಿಯ ಮೇಲಿಂದ ಗಂಗವ್ವ ಗದರಿದಳು. “ಸಣ್ಣಾಕಿ ಇದ್ದಾಗಿಂದ ಹಿಂಗ, ಹೊಟ್ಟಿಬಾಕಿ.”

“ನೀನೂ ಬಾ ಗಂಗಕ್ಕ, ಕೈ ಕೊಡು,” ಎಂದಳು ರಸೂಲಬಿ.

“ನನಗ ಬ್ಯಾಡ. ಮನಿ ಮಾರೂ ವರ್ಷ ನನಗ್ಯಾವ ಮೆಹಂದಿ?”

ಈ ಸಲ ನಾನು ಊಹಿಸಲಿಲ್ಲ. ಜೋಕಾಲಿಯ ಹಗ್ಗ ಹಿಡಿದು ಕೇಳಿದೆ: “ಗಂಗವ್ವ, ನಿನಗ ಏನ ಬೇಕು? ನನಗ ತಿಳೀಲಿಲ್ಲ. ನೀನ ಹೇಳು.”

ಅವಳ ಗಡಸು ದನಿ ಒಡೆಯಿತು. “ನನಗೇನೂ ಬ್ಯಾಡ್ರೀ. ಈ ಮರಕ್ಕ ನಮ್ಮಪ್ಪ ನನಗ ಜೋಕಾಲಿ ಕಟ್ಟಿದ್ದ. ವರ್ಷಾ ಒಂದಿನ ಬರ್ತೀವಿ, ಆಡ್ತೀವಿ, ಹೋಗ್ತೀವಿ. ಪಕ್ಕಾ ಮನಿ ಕಟ್ಟಾಕ ಸುಣ್ಣದ ಗೆರಿ ಹಾಕ್ಯಾರ, ನೋಡ್ರಿ. ಗೆರಿ ಮರದ ಮ್ಯಾಲೇ ಹೋಗೈತಿ. ಮುಂದಿನ ಪಂಚಮಿಗೆ ನಾವು ಎಲ್ಲಿ ಬರೂದು?”

ನೋಡಿದೆ. ನಿಜ, ಎಂಜಿನಿಯರು ಹಾಕಿಸಿದ್ದ ಬಿಳಿ ಗೆರೆ ಬೇವಿನ ಬುಡಕ್ಕೇ ಬಂದಿತ್ತು. ಇಷ್ಟು ದಿನ ನಾನು ಕಾಗದ ನೋಡಿದ್ದೆ, ಅಂಗಳ ನೋಡಿರಲಿಲ್ಲ.

ರಸೂಲಬಿ ಬಟ್ಟಲು ಕೆಳಗಿಟ್ಟು ಎದ್ದಳು. “ಅಯ್ಯ, ಇಷ್ಟಕ್ಕ ಆರು ತಿಂಗಳ ಮಾರಿ ಉಬ್ಬಿಸಿಕೊಂಡ ಕುಂತಿಯೇನ ಗಂಗಕ್ಕ? ನನ್ನ ಮಕ್ಕಳು ಬೆಳದದ್ದೂ ಇದ ಮರದ ಕೆಳಗ. ಮನಿ ಹಿಂದಕ್ಕ ಸರೀತೈತಿ, ಮರ ಸರಿಯಾಂಗಿಲ್ಲ. ಅಡಗಿಮನಿ ಸಣ್ಣದಾಗಲಿ, ನಾ ದಪ್ಪ ಆಗೂದು ಬಿಡ್ತೀನಿ!” ಎಂದವಳೇ ಕಾಲಿನಿಂದ ಸುಣ್ಣದ ಗೆರೆ ಅಳಿಸಿಬಿಟ್ಟಳು. ದಸ್ತಗೀರ ಮಾತಿಲ್ಲದೆ ಮೂರು ಮೊಳ ಹಿಂದಕ್ಕೆ ಹೋಗಿ ಬೂದಿಯಿಂದ ಹೊಸ ಗೆರೆ ಎಳೆದ.

ಗಂಗವ್ವ ಜೋಕಾಲಿಯಿಂದ ಇಳಿದು ಮರದಿಂದ ಗೆರೆಯವರೆಗೆ ಹೆಜ್ಜೆ ಹಾಕಿ ನೋಡಿದಳು. “ಬಾಯಿಮಾತು ಬ್ಯಾಡ. ಕಾಗದದಾಗ ಬರೀತೀರೇನ್ರಿ, ಭಾವುಸಾಹೇಬ್ರ?”

“ಉತಾರದಾಗ ಬರೀತೀನಿ,” ಎಂದೆ. ಯಾವ ನಿಯಮದಡಿ ಎಂದು ನನಗೂ ಗೊತ್ತಿರಲಿಲ್ಲ.

ಬುಧವಾರ ಎಲ್ಲರನ್ನೂ ಟೆಂಪೋದಲ್ಲಿ ತುಂಬಿಕೊಂಡು ನೋಂದಣಿ ಕಚೇರಿಗೆ ಹೋದೆವು. ನನ್ನ ಎದೆ ಹಿಗ್ಗಿತ್ತು. ಪಂಚಮಿಯ ಉಪಾಯ ಮತ್ತೊಮ್ಮೆ ಗೆದ್ದಿತ್ತಲ್ಲ! ಮಲ್ಲಪ್ಪ ಮೊದಲು ಹೋದ, ಆಯಿತು. ಗಂಗವ್ವ ಬೆರಳಚ್ಚಿನ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಳು, ಅದು ಟಿಣ್ ಅಂದಿತು. ಎರಡನೆಯವಳು ಇಟ್ಟಳು. ಯಂತ್ರದಲ್ಲಿ ಕೆಂಪು ದೀಪ. ಮೂರನೆಯವಳು ಇಟ್ಟಳು. ಮತ್ತೆ ಕೆಂಪು. ಹತ್ತು ಬೆರಳೂ ಇಟ್ಟು ನೋಡಿದರು, ಹತ್ತಕ್ಕೂ ಕೆಂಪು.

ಅಲ್ಲಿನ ಗುಮಾಸ್ತ ಅವರ ಕೈ ತಿರುಗಿಸಿ ನೋಡಿ ಹಣೆ ಬಡಿದುಕೊಂಡ. “ಏನ್ರವಾ ಇದು, ಬೆರಳ ತುಂಬ ಮೆಹಂದಿ! ಯಂತ್ರಕ್ಕ ಗೆರಿ ಕಾಣಸವಲ್ವು. ಬಣ್ಣ ಹೋದ ಮ್ಯಾಲ ಬರ್ರಿ.”

“ಎಷ್ಟ ದಿನಕ್ಕ ಹೋಗ್ತದ್ರಿ?”

“ನನಗೇನ ಕೇಳ್ತೀರಿ? ಹಚ್ಚಿದಾರ್ನ ಕೇಳ್ರಿ.”

ಹಚ್ಚಿದವಳು ನನ್ನ ಪಕ್ಕದಲ್ಲೇ ಬಾಯಿ ಮೇಲೆ ಕೈಯಿಟ್ಟು ನಿಂತಿದ್ದಳು. ತಾನು ಕೊಳ್ಳುವ ಮನೆಗೆ ತಾನೇ ಅಡ್ಡಗಾಲು ಹಾಕಿದ್ದಳು ರಸೂಲಬಿ! ಪಂಚಮಿಗೆ ಹೆಣ್ಣುಮಕ್ಕಳನ್ನು ಕೂಡಿಸಿದ ಜಾಣೆ ನಾನು, ಪಂಚಮಿಗೆ ಹೆಣ್ಣುಮಕ್ಕಳ ಕೈ ಹೇಗಿರುತ್ತದೆಂದು ಯೋಚಿಸಿರಲಿಲ್ಲ. ಹಿಂದೆಲ್ಲ ಶಾಯಿಯ ಹೆಬ್ಬೆಟ್ಟು, ಮೆಹಂದಿಯ ಮೇಲೂ ಬೀಳುತ್ತಿತ್ತು. ಪದ್ಧತಿ ಬದಲಾಗಿತ್ತು, ನನ್ನ ಉಪಾಯ ಬದಲಾಗಿರಲಿಲ್ಲ. ನನ್ನ ಹತ್ತು ಬೆರಳೂ ಕೆಂಪಗೆ ನನ್ನನ್ನೇ ನೋಡುತ್ತಿದ್ದವು.

“ಯಾ ಅಲ್ಲಾ, ಭಾಳ ಚಲೋ ಏರಲಿ ಅಂತ ನಿಂಬಿಹುಳಿ ಬ್ಯಾರೆ ಹಿಂಡಿದ್ದೆ,” ಎಂದು ರಸೂಲಬಿ ಅಳು ಮೋರೆ ಮಾಡಿದಳು. ಮರುಕ್ಷಣ ಸೆರಗು ಸಿಗಿಸಿದಳು. “ತಾಂಬ್ರದ ಕೊಡಾ ಬೆಳಗ್ತೀನಿ, ಬೆರಳು ಬೆಳಗಾಕ ಬರಂಗಿಲ್ಲೇನು?” ಎದುರಿನ ಖಾನಾವಳಿಯಿಂದ ಹುಣಸೆಹಣ್ಣು, ಉಪ್ಪು, ಬಿಸಿನೀರು ತಂದು, ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ ಹೆಬ್ಬೆಟ್ಟು ತಿಕ್ಕಲು ಶುರು ಮಾಡಿದಳು. ಒಬ್ಬಳು ಅಯ್ಯಯ್ಯೋ ಅಂದರೆ ಇನ್ನೊಬ್ಬಳು ನಕ್ಕಳು. ಕೆಲಸಕ್ಕೆ ಬಂದ ಮಂದಿಯೆಲ್ಲ ಸುತ್ತ ನಿಂತು ಸಲಹೆ ಕೊಟ್ಟರು. ಒಬ್ಬ ಸೀಮೆಎಣ್ಣೆ ಎಂದ, ಒಬ್ಬ ಬೂದಿ ಎಂದ. ಅರ್ಧ ತಾಸಿಗೊಮ್ಮೆ ಒಳಗೆ ಹೋಗಿ ಬೆರಳಿಟ್ಟು ಕೆಂಪು ದೀಪ ನೋಡಿ ಬರುತ್ತಿದ್ದರು. ಮೂರನೇ ಸಲಕ್ಕೆ ಎರಡನೆಯವಳದು ಟಿಣ್ ಅಂದಿತು. ಕಚೇರಿ ಮುಚ್ಚಲು ಇನ್ನೇನು ಕಾಲು ಗಂಟೆ ಇರುವಾಗ ಮೂರನೆಯವಳದೂ ಆಯಿತು.

ಸರದಿಯಲ್ಲಿ ಉಳಿದವಳು ಮಹಾದೇವಿ. ಅವಳ ಬೆರಳು ತಿಕ್ಕಲು ಹೊತ್ತೇ ಇರಲಿಲ್ಲ. ಓಡಿ ಹೋಗಿ ಬಲಗೈ ಹೆಬ್ಬೆಟ್ಟು ಇಟ್ಟಳು. ರಸೂಲಬಿ ಕಣ್ಣು ಮುಚ್ಚಿಕೊಂಡಳು. ಯಂತ್ರ ಟಿಣ್ ಅಂದಿತು, ಮೊದಲ ಸಲಕ್ಕೇ!

“ನಿಂದ್ಹೆಂಗ ಬಂತ?” ಎಂದು ಗುಮಾಸ್ತನೇ ಬೆರಗಾದ.

ಮಹಾದೇವಿ ಹೆಬ್ಬೆಟ್ಟು ಎತ್ತಿ ತೋರಿಸಿದಳು. ಬರೀ ತಿಳಿ ಹಳದಿ. “ನಾ ಒಣಗೂ ಮುಂಚೇನ ಉಂಡಿ ತಿಂದಿದ್ನೆಲ್ರಿ,” ಎಂದಳು.

ಗಂಗವ್ವ ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ಕಂಬಕ್ಕೆ ಆತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಹೊರಗೆ ಬಂದವಳೇ ಎರಡೂ ಕೈ ರಸೂಲಬಿಯ ಮುಂದೆ ಚಾಚಿದಳು. “ಇನ್ನ ಮ್ಯಾಲ ಯಂತ್ರದ ಹಂಗಿಲ್ಲ. ಮನಿಗೆ ನಡಿ, ನನಗೂ ಹಚ್ಚು.”

ಗುರುವಾರದ ಸಭೆಯಲ್ಲಿ ಉತಾರ ರಸೂಲಬಿಯ ಹೆಸರಿಗೆ ಆಯಿತು. ಅದೇ ಸಭೆಯಲ್ಲಿ ಇನ್ನೊಂದು ಠರಾವು ಮಂಡಿಸಿ ಒಪ್ಪಿಗೆ ಪಡೆದು ಷರಾ ಬರೆದೆ. ರಜಿಸ್ಟರು ಮರಾಠಿಯದು, ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ‘ಅಂಗಳದ ಬೇವಿನ ಮರ ಕಡಿಯತಕ್ಕದ್ದಲ್ಲ. ಪಂಚಮಿಗೆ ಗಂಗವ್ವ ಹಾಗೂ ತಂಗಿಯರ ಜೋಕಾಲಿ ಕಾಯಂ.’ ಶುಕ್ರವಾರ ನಾನೇ ಹೋಗಿ ಉತಾರ ತಾಲೂಕಿಗೆ ಮುಟ್ಟಿಸಿ ಬಂದೆ.

ಮುಂದೆ ತಪಾಸಣೆಗೆ ಬಂದ ಹೊಸ ಸಾಹೇಬರು ಆ ಸಾಲಿನ ಮೇಲೆ ಬೆರಳಿಟ್ಟು, “ಇದು ಯಾವ ನಿಯಮದಾಗ ಬರ್ತದ?” ಎಂದು ಕೇಳಿದರು. “ನಿಯಮ ಇಲ್ರಿ ಸಾಹೇಬ್ರ, ಠರಾವು ಐತಿ,” ಎಂದೆ. ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ‘ನೋಡಿದೆ’ ಎಂದು ಬರೆದು ಸಹಿ ಹಾಕಿದರು.

ಇಷ್ಟನ್ನು ಪೂಜಾಗೆ ಕಳಿಸಿ, ಕೊನೆಗೆ ಒಂದು ಮಾತು ಸೇರಿಸಿದ್ದೆ: ತೆಗೆಯುವ ಮೊದಲು ಪಂಚಮಿಗೆ ಒಂದು ಸಲ ಆ ಅಂಗಳಕ್ಕೆ ಹೋಗಿ ಬಾ. ಪಂಚಮಿ ಬಂತು, ಹೋಯಿತು. ಮರುದಿನ ಬೆಳಿಗ್ಗೆ ಅವಳ ಫೋನು.

“ಮ್ಯಾಡಮ್, ಘಾತ ಆತ್ರಿ! ಹಾಜರಿ ಯಂತ್ರ ನನ್ನ ಹೆಬ್ಬೆಟ್ಟ ತಗೋಳವಲ್ದು.”

ನನಗೆ ನಗು ತಡೆಯಲಾಗಲಿಲ್ಲ. “ಯಾರ ಹಚ್ಚಿದ್ರು?”

“ರಸೂಲಬಿ ಚಾಚಿರೀ. ಗಂಗವ್ವಾಯಿ ಮಗ್ಗಲದಾಗ ಕುಂತು, ಒಣಗೂತನಕ ಉಂಡಿ ಮುಟ್ಟಿದಿ ಅಂದ್ರ ನೋಡು ಅಂತ ಕಾವಲ ಕಾದ್ರು.”

“ಹುಣಸಿಹಣ್ಣು, ಉಪ್ಪು ಹಚ್ಚಿ ತಿಕ್ಕು.”

“ಮನಸ ಬರವಲ್ದ್ರಿ. ಭಾಳ ಚಂದ ಏರೈತಿ. ಮ್ಯಾಡಮ್, ಆ ಷರಾಕ್ಕ ಕಂಪ್ಯೂಟರಿನಾಗ ಒಂದು ಖಾಲಿ ಜಾಗಾ ಹುಡಕಿ ಕುಂದ್ರಿಸೀನ್ರಿ. ಅದು ಇರ್ಲಿ, ಈಗ ನಂದು ಹೇಳ್ರಿ. ಹೆಬ್ಬೆಟ್ಟ ಯಾಕ ಬಿದ್ದಿಲ್ಲ, ಕಾರಣ ಬರಿ ಅಂತ ಯಂತ್ರ ಕೇಳಾಕತ್ತೈತಿ. ಏನಂತ ಬರೀಲಿ?” ಎಂದಳು.

“ಜೋಕಾಲಿ ಕಾಯಂ ಅಂತ ಬರಿ,” ಎಂದೆ.